ಸೂಲಗಿತ್ತಿ ಮಾರ್ಥಾ ಬ್ಯಾಲರ್ಡಳ ಮನೆತನ

ವಂಶಾವಳಿಗಳನ್ನು ಓದುವಾಗ ನಮಗೆ ಕಾಣುವುವು ಬಹುಮಟ್ಟಿಗೆ ಗಂಡಸರ ಹೆಸರುಗಳೇ. ಆದರೆ ವಿಮೋಚನಕಾಂಡದ ಮೊದಲನೆಯ ಅಧ್ಯಾಯವನ್ನು ನೆನೆದುಕೊಳ್ಳಿರಿ. ಅಲ್ಲಿ ಐಗುಪ್ತದ ಅರಸನ ಹೆಸರಿಲ್ಲ. ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರ ಹೆಸರುಗಳಿವೆ. ಅಂಥ ಮತ್ತೊಬ್ಬ ಸೂಲಗಿತ್ತಿಯ ಮನೆತನದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆನು.

ಅಮೆರಿಕದ ಮಸಾಚುಸೆಟ್ಸ್ ಸೀಮೆಯು ಇಂಗ್ಲೆಂಡಿನ ವಸಾಹತಾಗಿದ್ದ ಕಾಲದಲ್ಲಿ, 1735ನೆಯ ಇಸವಿಯಲ್ಲಿ, ಆಕ್ಸ್‌ಫರ್ಡ್ ಎಂಬ ಅಲ್ಲಿಯ ಊರೊಂದರಲ್ಲಿ ಮಾರ್ಥಾ ಮೂರ್ ಜನಿಸಿದಳು. ಆಕೆಯ ತಾಯಿ ಡಾರಥಿಯು ಸಹಿ ಮಾಡಬೇಕಾದಲ್ಲಿ ಬರಿಯ ಗುರುತು ಹಾಕುತ್ತಿದ್ದಳು. ಸೋದರನಾದ ಜೊನಾಥನನು ಹಾರ್ವರ್ಡ್ ಕಾಲೇಜಿನಲ್ಲಿ ಓದಿದನು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಯಾರೋ ಪುಣ್ಯವಂತರು ಮಾರ್ಥಳಿಗೆ ಅಕ್ಷರ ಕಲಿಸಿದರು.

1754ರಲ್ಲಿ ಆಕೆಯು ಎಫ್ರಾಯಿಮ್ ಬ್ಯಾಲರ್ಡನನ್ನು ಮದುವೆಯಾದಳು. 1769ರ ಬೇಸಿಗೆಯಲ್ಲಿ ಡಿಫ್ತೀರಿಯವೆಂಬ ಗಂಟಲಮಾರಿಯು ಊರನ್ನು ಹೊಕ್ಕಿತು. ಆರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ತಾಯಿಯು ಆಗ ತುಂಬಿದ ಗರ್ಭಿಣಿ. ಆ ಆಗಸ್ಟ್ ತಿಂಗಳಲ್ಲಿಯೇ ಹ್ಯಾನಾ ಎಂಬ ಮಗಳು ಹುಟ್ಟಿದಳು. ಬಳಿಕ ಡಾಲಿ, ಎಫ್ರಾಯಿಮ್ ಎಂಬ ಇನ್ನಿಬ್ಬರು ಮಕ್ಕಳಾದರು.

1777ರಲ್ಲಿ ಈ ಕುಟುಂಬವು ಉತ್ತರದ ಗಡಿಸೀಮೆಗೆ, ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್ ಎಂಬ ಊರಿಗೆ ಹೋಗಿ ನೆಲೆಸಿತು. ಅದು ಪೂರ್ವದಲ್ಲಿ ಅಬೆನಾಕಿ ಜನರ ನೆಲ. ಈಗಿನ ಮೇನ್ ರಾಜ್ಯ. ಗಂಡನು ಹೊಲಕಾಡುಗಳನ್ನು ಅಳೆಯುವ ಮೋಜಣಿದಾರನೂ ಮರಕೊಯ್ಯುವ ಗಿರಣಿಯವನೂ ಆಗಿದ್ದನು. ಹೆಂಡತಿಯು ಸೂಲಗಿತ್ತಿಯಾದಳು. ಹೆಣ್ಣುಮಕ್ಕಳು ಮನೆಯಲ್ಲಿ ನೂತು ನೇಯ್ದು ಸಂಸಾರದ ಭಾರವನ್ನು ಹೊತ್ತದ್ದರಿಂದಲೇ ತಾಯಿಗೆ ಹೊತ್ತುಗೊತ್ತಿಲ್ಲದೆ ಹೊರಡುವುದು ಸಾಧ್ಯವಾಯಿತು.

1785ರ ಜನವರಿಯಿಂದ ಆಕೆಯು ದಿನಚರಿಯನ್ನು ಬರೆಯತೊಡಗಿದಳು. ಆ ದಿನದ ಹವೆ, ಬಂದವರು ಹೋದವರು, ಕೊಟ್ಟ ಔಷಧ, ಹುಟ್ಟಿದ ಮಗು, ಸಂದ ಕೂಲಿ ಇಷ್ಟನ್ನೇ ಚುಟುಕಾಗಿ ಬರೆದಿಡುವಳು. 1789ರ ಏಪ್ರಿಲಿನಲ್ಲಿ ಬಿರುಗಾಳಿಮಳೆಯ ನಡುವೆ ನದಿಯನ್ನು ದಾಟಿ ಹೆರಿಗೆಗೆ ಹೋಗುತ್ತಿದ್ದಾಗ ದೊಡ್ಡ ಮರವೊಂದು ಬುಡಸಹಿತ ಕಿತ್ತು ಆಕೆಯ ಎದುರಿಗೇ ಬಿದ್ದಿತು. ಕುದುರೆಯು ಬೆದರಿ ಹಿಂದೆ ಸರಿಯಿತು, ಜೀವ ಉಳಿಯಿತು. ಆಕೆಯು ಹಿಂದಿರುಗದೆ ಮುಂದೆ ಹೋದಳು. ಅಂದು ರಾತ್ರಿ ಆ ಮನೆಯಲ್ಲಿ ಹೆಣ್ಣುಮಗುವು ಸುಖವಾಗಿ ಹುಟ್ಟಿತು.

ಹೀಗೆ 27 ವರುಷಗಳಲ್ಲಿ 816 ಹೆರಿಗೆಗಳ ಲೆಕ್ಕವನ್ನು ಆಕೆಯು ಬರೆದಿಟ್ಟಳು. ಹೆರುವಾಗಲೇ ಸತ್ತ ತಾಯಿ ಒಬ್ಬಳೂ ಇಲ್ಲ. ತನ್ನ ಮೂವರನ್ನು ಮಣ್ಣಿಗೆ ಕೊಟ್ಟವಳು ಇಷ್ಟು ಮನೆಗಳ ತೊಟ್ಟಿಲುಗಳನ್ನು ತುಂಬಿಸಿದಳು. 1812ರಲ್ಲಿ, ಸಾಯುವ ಕೆಲವು ವಾರಗಳ ಹಿಂದಿನವರೆಗೂ, ಲೇಖನಿಯನ್ನು ಕೆಳಗಿಡಲಿಲ್ಲ.

ಆ ದಿನಚರಿಯು ಮಗಳು ಡಾಲಿಯ ಮನೆಯಲ್ಲಿ ಉಳಿದು, ಅವಳ ಹೆಣ್ಣುಮಕ್ಕಳ ಕೈಸೇರಿ, 1884ರಲ್ಲಿ ಮಾರ್ಥಳಿಂದ ಐದನೆಯ ತಲೆಮಾರಿನವಳಾದ ಮೇರಿ ಹೋಬಾರ್ಟಳಿಗೆ ಬಂದಿತು. ಈಕೆಯು ಆಗತಾನೆ ವೈದ್ಯಪದವಿಯನ್ನು ಪಡೆದಿದ್ದಳು! ಆಕೆಯು 1930ರಲ್ಲಿ ಅದನ್ನು ಮೇನ್ ರಾಜ್ಯದ ಗ್ರಂಥಾಲಯಕ್ಕೆ ಒಪ್ಪಿಸಿದಳು. ಮಾರ್ಥಳ ಸೋದರಿಯ ಮೊಮ್ಮಗಳಾದ ಕ್ಲಾರಾ ಬಾರ್ಟನಳೇ 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಘವನ್ನು ಸ್ಥಾಪಿಸಿದಳು. ರೋಗಿಗಳ ಬಳಿಗೆ ಹೋಗುವ ಗುಣವು ಆ ಮನೆತನದಲ್ಲಿ ಹೆಣ್ಣುಮಕ್ಕಳ ಆಸ್ತಿಯಾಗಿತ್ತೆನ್ನಬಹುದು.

ಮನೆವಾರ್ತೆಯ ಅಲ್ಪ ವಿಷಯಗಳೆಂದು ಹಿಂದಿನ ಚರಿತ್ರಕಾರರು ಈ ದಿನಚರಿಯನ್ನು ಬದಿಗಿಟ್ಟಿದ್ದರು. ಲಾರೆಲ್ ಥ್ಯಾಚರ್ ಉಲ್ರಿಕ್ ಎಂಬ ವಿದುಷಿಯು ಅದನ್ನೇ ಆಧರಿಸಿ 1990ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಮರುವರುಷ ಪುಲಿಟ್ಜರ್ ಬಹುಮಾನವು ದೊರೆಯಿತು.

ತಾಯಿಯದು ಬರಿಯ ಗುರುತು. ಮಗಳದು ಒಂದು ಊರಿನ ಚರಿತ್ರೆ. ಇವೆರಡರ ನಡುವೆ ಇದ್ದುದು ಬಾಲ್ಯದಲ್ಲಿ ಕಲಿತ ಅಕ್ಷರವೊಂದೇ. ಅಜ್ಜಿಯ ತಾಯಿಯ ಹೆಸರೇನೆಂದು ನಾನು ತರಗತಿಯಲ್ಲಿ ಕೇಳುವುದುಂಟು. ಕೈಯೆತ್ತುವವರು ಬಹಳ ಕಡಿಮೆ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮನೆಯ ಹಿರಿಯರು ಇರುವಾಗಲೇ ಆ ಹೆಸರುಗಳನ್ನು ಕೇಳಿ ಬರೆದಿಡಿರಿ. ತಾಯಿತಂದೆಗಳೇ, ನಿಮ್ಮ ಮಗಳು ದೀಪದ ಬಳಿ ಕುಳಿತು ನಾಲ್ಕು ಸಾಲು ಬರೆಯುತ್ತಿದ್ದರೆ, ಅದು ವ್ಯರ್ಥಕಾಲಹರಣವೆಂದು ಎಬ್ಬಿಸಬೇಡಿರಿ.