ಕೂಸಿನ ಜಠರ ತಿರುಚಿಕೊಂಡರೆ: ಕಾಯಬೇಕೋ, ಕೊಯ್ಯಬೇಕೋ?

ಟಾರ್ಷನ್ ಅಂದ ಕೂಡಲೇ ನಮಗೆ ನೆನಪಾಗೋದು ಲ್ಯಾಬಿನ ಉಕ್ಕಿನ ಸರಳು. ಒಂದು ತುದಿ ಹಿಡಿದು ಇನ್ನೊಂದು ತುದಿ ತಿರುಚೋದು, ಕೋನ ಬರೆದುಕೊಳ್ಳೋದು. ಇಂಥದ್ದೇ ತಿರುಚು ಹಸುಗೂಸಿನ ಜಠರದಲ್ಲೂ ಆಗಬಹುದು. ವೈದ್ಯರು ಇದನ್ನು ಗ್ಯಾಸ್ಟ್ರಿಕ್ ವಾಲ್ವುಲಸ್ ಅನ್ನುತ್ತಾರೆ. ಅಪರೂಪದ ತೊಂದರೆ. ಕೆಲವು ಮಕ್ಕಳಿಗೆ ಅಮ್ಮನ ಹೆಗಲೇ ಮದ್ದು, ಇನ್ನು ಕೆಲವರಿಗೆ ಆವತ್ತೇ ಆಪರೇಷನ್ ಆಗಬೇಕು. ಯಾವುದು ಯಾರಿಗೆ? ನೋಡೋಣ.

ತಿರುಚೋದು ಹೇಗೆ?

ಹೊಲದಲ್ಲಿ ಎರಡು ಮರಗಳ ನಡುವೆ ಸೀರೆ ಕಟ್ಟಿ ಮಗು ಮಲಗಿಸುವ ಜೋಲಿ ನೋಡಿರುತ್ತೀರಿ. ತುದಿಗಳು ಗಟ್ಟಿ, ನಡುವಿನ ಬಟ್ಟೆ ಸಡಿಲ. ಜಠರವೂ ಹೆಚ್ಚುಕಡಿಮೆ ಹಾಗೇ. ಮೇಲೆ ಅನ್ನನಾಳ, ಕೆಳಗೆ ಸಣ್ಣ ಕರುಳು. ನಡುವಿನ ಭಾಗವನ್ನು ವಪೆ, ಯಕೃತ್ತು, ಗುಲ್ಮ, ದೊಡ್ಡ ಕರುಳಿಗೆ ಕಟ್ಟಿ ನಿಲ್ಲಿಸೋದು ನಾಲ್ಕು ಲಿಗಮೆಂಟುಗಳು. ಹಸುಗೂಸುಗಳಲ್ಲಿ ಇವು ಸಡಿಲವಾಗಿರಬಹುದು.

ಜೋಲಿ ತನ್ನ ಉದ್ದದ ಅಕ್ಷದ ಸುತ್ತ ಮಗುಚಿದಂತೆ ತಿರುಗಿದರೆ ಅದು ಆರ್ಗನೋಆಕ್ಸಿಯಲ್. ಅಡ್ಡ ಅಕ್ಷದಲ್ಲಿ ಮಡಚಿ, ಎರಡು ತುದಿಗಳೂ ಹತ್ತಿರ ಬಂದರೆ ಮೆಸೆಂಟರೋಆಕ್ಸಿಯಲ್. ವಪೆಯಲ್ಲಿ ಹುಟ್ಟಿನಿಂದಲೇ ರಂಧ್ರವಿದ್ದರೆ ಅಥವಾ ಗುಲ್ಮ ತನ್ನ ಜಾಗದಲ್ಲಿ ನಿಲ್ಲದಿದ್ದರೆ ಅಪಾಯ ಹೆಚ್ಚು.

ಕಾಯುವ ದಾರಿ

ತಿರುಚು ಅರ್ಧಂಬರ್ಧ ಆಗಿದ್ದರೆ ಹಾಲು ನಿಧಾನವಾಗಿ ಆದರೂ ದಾಟುತ್ತದೆ. ಕೂಸು ಆಗಾಗ ಕಕ್ಕುತ್ತದೆ, ಹೊಟ್ಟೆ ಉಬ್ಬುತ್ತದೆ, ಅಳುತ್ತದೆ. ಅಳುವಾಗ ಗಾಳಿ ನುಂಗಿ ಮತ್ತೆ ಉಬ್ಬುತ್ತದೆ. ವಿಷವರ್ತುಲ ಅಂದರೆ ಇದೇ. ಬೇರಿಯಂನಂಥ ದ್ರವ ಕುಡಿಸಿ ಎಕ್ಸ್‌ರೇ ತೆಗೆದರೆ ಜಠರದ ಸ್ಥಿತಿ ಕಾಣುತ್ತದೆ.

ಬೇರೆ ದೋಷವಿಲ್ಲ, ತೂಕ ಏರುತ್ತಿದೆ ಅಂತ ವೈದ್ಯರಿಗೆ ಖಾತ್ರಿಯಾದರೆ ಚಿಕಿತ್ಸೆ ಸರಳ. ಸ್ವಲ್ಪ ಸ್ವಲ್ಪ ಹಾಲು, ಪದೇಪದೇ. ಕುಡಿದ ಮೇಲೆ ನೆಟ್ಟಗೆ ಎತ್ತಿಕೊಂಡು ತೇಗು ತೆಗೆಸೋದು. ಮಗು ಬೆಳೆದಂತೆ ಲಿಗಮೆಂಟುಗಳು ಬಿಗಿಯಾಗಿ, ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ತೊಂದರೆ ತಗ್ಗುತ್ತದೆ. ಬೋರಲು ಮಲಗಿಸಿ ನಿದ್ದೆ ಮಾಡಿಸೋದು ಮಾತ್ರ ಅಪಾಯ. ನಿದ್ದೆಗೆ ಅಂಗಾತವೇ ಸರಿ.

ಕೊಯ್ಯುವ ದಾರಿ

ತಿರುಚು 180 ಡಿಗ್ರಿ ದಾಟಿದರೆ ಲೆಕ್ಕವೇ ಬೇರೆ. ಒಳಬರುವ ದಾರಿ, ಹೊರಹೋಗುವ ದಾರಿ ಎರಡೂ ಮುಚ್ಚಬಹುದು. ಒತ್ತಡಕ್ಕೆ ಮೊದಲು ಮಣಿಯೋದು ತೆಳು ಗೋಡೆಯ ಅಭಿಧಮನಿಗಳು. ರಕ್ತ ವಾಪಸ್ ಹೋಗದೆ ಜಠರದ ಗೋಡೆ ಊದುತ್ತದೆ. ಆಮೇಲೆ ಹೊಸ ರಕ್ತವೂ ಬರಲ್ಲ. ಗೋಡೆ ಕೊಳೆತು ತೂತಾದರೆ ಪ್ರಾಣಕ್ಕೇ ಕುತ್ತು.

1904ರಲ್ಲಿ ಬೋರ್ಖಾರ್ಟ್ ಎಂಬ ವೈದ್ಯ ಇದಕ್ಕೆ ಮೂರು ಲಕ್ಷಣ ಹೇಳಿದ: ಮೇಲ್ಹೊಟ್ಟೆಯ ನೋವು ಮತ್ತು ಉಬ್ಬರ, ಏನೂ ಬಾರದ ಓಕರಿಕೆ, ಜಠರಕ್ಕೆ ನಳಿಕೆ ಇಳಿಸಲಾಗದಿರುವುದು. ಕೂಸುಗಳಲ್ಲಿ ಈ ಮೂರೂ ಒಟ್ಟಿಗೆ ಕಾಣಲೇಬೇಕೆಂದಿಲ್ಲ. ಇಲ್ಲಿ ಕಾದು ನೋಡೋಣ ಅನ್ನೋ ಮಾತಿಲ್ಲ. ಡ್ರಿಪ್ ಹಾಕಿ, ಸಾಧ್ಯವಾದರೆ ಮೂಗಿನ ನಳಿಕೆಯಿಂದ ಜಠರ ಖಾಲಿ ಮಾಡಿ, ಆಪರೇಷನ್‌ನಲ್ಲಿ ತಿರುಚು ಬಿಡಿಸುತ್ತಾರೆ. ವಪೆಯ ರಂಧ್ರ ಇದ್ದರೆ ಮುಚ್ಚುತ್ತಾರೆ. ಮತ್ತೆ ತಿರುಗದಂತೆ ಜಠರವನ್ನು ಹೊಟ್ಟೆಯ ಮುಂಗೋಡೆಗೆ ಹೊಲಿಯುತ್ತಾರೆ, ಇದೇ ಗ್ಯಾಸ್ಟ್ರೋಪೆಕ್ಸಿ. ಕಾಯುವ ದಾರಿ ಹಿಡಿದ ಮಗುವಿನ ತೂಕ ಏರದಿದ್ದರೂ ಈ ದಾರಿಯನ್ನು ಯೋಚಿಸಬೇಕಾಗುತ್ತದೆ.

ಶ್ರೀರಾಂಪುರದಿಂದ ನೋಡಿದರೆ

ಹೊಸದುರ್ಗ ತಾಲೂಕಿನ ಶ್ರೀರಾಂಪುರದಂಥ ಊರಿನ ಕೂಸಿಗೆ ಡಿಗ್ರಿಯಷ್ಟೇ ಮುಖ್ಯವಾದದ್ದು ಗಂಟೆ. ಹೊಸದುರ್ಗದ ತಾಲೂಕು ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ, ಬೇಕಾದರೆ ಅಲ್ಲಿಂದ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಮನೆಯಲ್ಲಿ ದೃಷ್ಟಿ ತೆಗೆದು, ಗ್ರೈಪ್ ವಾಟರ್ ಕುಡಿಸಿ, ಹೊಟ್ಟೆ ಉಜ್ಜಿ ಕಳೆಯುವ ಒಂದು ರಾತ್ರಿ ಈ ಹಾದಿಗೆ ಸೇರಿಕೊಂಡರೆ ಉಳಿಯೋದೇನು?

ಹೊಟ್ಟೆ ಬಿಗಿದು ಉಬ್ಬಿದರೆ, ಒಂದೇ ಸಮ ಓಕರಿಸಿದರೆ, ಕೂಸು ಮಂಕಾದರೆ, ವಾಂತಿಯಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡಿ. ವಾಂತಿ ಹಸಿರಾಗಿದ್ದರೂ ತಡ ಬೇಡ; ಅದು ಕರುಳೇ ತಿರುಚಿರುವ ಸೂಚನೆ ಇರಬಹುದು, ಅದೂ ತುರ್ತೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಕೂಸುಗಳಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ಈ ವಿಷಯವನ್ನು ಊರಿಗೆ ಹೋದಾಗ ಮನೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಮಾತಾಡಿ. ಕಾಯಬೇಕೋ, ಕೊಯ್ಯಬೇಕೋ ಅನ್ನೋದನ್ನು ವೈದ್ಯರು ತೀರ್ಮಾನಿಸಲಿ. ಅವರ ಮುಂದೆ ಕೂಸನ್ನು ಹೊತ್ತಿಗೆ ತಲುಪಿಸೋದು ನಮ್ಮ ಕೆಲಸ.