ರಾಗಿ ಹೇಳದ ನಷ್ಟ ಕುಂಬಳ ಹೇಳ್ತದೆ

ಹೊಲದಲ್ಲಿ ಜೇನು, ದುಂಬಿ, ಚಿಟ್ಟೆ ಕಡಿಮೆಯಾಗಿವೆ ಅಂದರೆ 'ರಾಗಿ ಚೆನ್ನಾಗೇ ಬಂತಲ್ಲ' ಅನ್ನುವವರಿದ್ದಾರೆ. ರಾಗಿಯ ಲೆಕ್ಕದಲ್ಲಿ ಇದು ಗೊತ್ತಾಗಲ್ಲ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ತದೆ, ಅದಕ್ಕೆ ಹುಳುವಿನ ಹಂಗಿಲ್ಲ.

ನಮ್ಮದು ಬಂಗಾರಪೇಟೆ, ಕೆ.ಜಿ.ಎಫ್. ನಡುವಿನ ಮೂರೆಕರೆ ಮಳೆಯಾಶ್ರಿತ ಹೊಲ. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವುದು ಇಲ್ಲಿನ ಹಳೇ ಪದ್ಧತಿ. ಹುಚ್ಚೆಳ್ಳು ಗಿಡ ತನ್ನ ಪರಾಗವನ್ನು ತಾನೇ ಒಪ್ಪಲ್ಲ. ಇನ್ನೊಂದು ಗಿಡದ್ದನ್ನು ಜೇನು ತರಬೇಕು. ಹೂವು ತುಂಬಿದ್ದರೂ ಕಾಳು ಜೊಳ್ಳಾದರೆ ಅಲ್ಲಿ ಅನುಮಾನ ಶುರುವಾಗಬೇಕು.

ಮನೆಯಲ್ಲೇ ಪರೀಕ್ಷೆ

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಬುಡದಲ್ಲಿ ಸಣ್ಣ ಕಾಯಿ ಇರುವುದು ಹೆಣ್ಣು. ಬೆಳಿಗ್ಗೆ 8 ಗಂಟೆಯೊಳಗೆ ಐದು ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಿಸಿ, ಕೆಂಪು ದಾರ ಕಟ್ಟಿ. ಅದೇ ದಿನ ಅರಳಿದ ಇನ್ನೈದಕ್ಕೆ ಬಿಳಿ ದಾರ ಕಟ್ಟಿ ಹಾಗೇ ಬಿಡಿ. ವಾರ ಕಳೆದು ನೋಡಿ. ಕೆಂಪು ದಾರದವು ನಿಂತು ಬಿಳಿಯವು ಹಳದಿಯಾಗಿ ಉದುರಿದರೆ ಕೊರತೆ ಗೊಬ್ಬರದ್ದಲ್ಲ, ಹುಳುವಿನದ್ದು. ಎರಡೂ ಉದುರಿದರೆ ನೀರು, ರೋಗ ನೋಡಬೇಕು. ಹೋದ ವರ್ಷ ನಮ್ಮ ಬಳ್ಳಿಯಲ್ಲಿ ಕೆಂಪಿನವು ನಾಲ್ಕು ನಿಂತವು, ಬಿಳಿಯದು ಒಂದೇ.

ಯಾಕೆ ಹೀಗೆ?

ಕಾರಣ ಒಂದಲ್ಲ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನಲ್ಲಿ ಬಹುಪಾಲು ಅಳಿಯಿತು. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಗಿಡದೊಳಗೆ ಇಳಿದು ಮಕರಂದಕ್ಕೂ ಸೇರ್ತದೆ. ಯುರೋಪ್ ಒಕ್ಕೂಟ 2018ರಲ್ಲಿ ಬಯಲು ಬೆಳೆಗೆ ಇದನ್ನು ನಿಷೇಧಿಸಿತು. ಬದುವಿಗೆ ಕಳೆನಾಶಕ ಹೊಡೆದರೆ ತುಂಬೆ, ತಂಗಡಿ ಹೋಗಿ ಹುಳುವಿಗೆ ಊಟವಿಲ್ಲ. ಜರ್ಮನಿಯ 63 ಸಂರಕ್ಷಿತ ಜಾಗಗಳಲ್ಲಿ ಬಲೆ ಕಟ್ಟಿ ತೂಕ ಹಾಕಿದಾಗ, 1989ರಿಂದ 2016ರೊಳಗೆ ಹಾರುವ ಹುಳುಗಳ ತೂಕ ಮುಕ್ಕಾಲು ಪಾಲು ಇಳಿದಿತ್ತು.

ಈಗ ಹವಾಮಾನವೂ ಕೈಕೊಡ್ತಿದೆ. ಮಳೆ ತಡವಾದರೆ ಬಿತ್ತನೆ ತಡ, ಹೂವೂ ತಡ. ಹೂವಿನ ಕಾಲದಲ್ಲಿ ಮಳೆ ಹಿಡಿದರೆ ಪರಾಗ ತೊಳೆದು ಹೋಗ್ತದೆ, ಜೇನು ಗೂಡು ಬಿಡಲ್ಲ. 2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ರಾಗಿ ತೆನೆಯಲ್ಲೇ ಮೊಳೆತದ್ದು ಎಲ್ಲರಿಗೂ ನೆನಪಿದೆ. ಅಂಥ ಮಳೆಯಲ್ಲಿ ಹೂವಿನ ಗತಿ ಏನು?

ನಮ್ಮ ಕೈಲಾಗುವುದು

* ಅಕ್ಕಡಿ ಸಾಲು ಬಿಡಬೇಡಿ. ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳ್ತದೆ.
* ಒಂದು ಬದುವನ್ನಾದರೂ ಉಳದೆ, ಸುಡದೆ ಬಿಡಿ. ಎಷ್ಟೋ ಒಂಟಿ ಜೇನುಗಳು ನೆಲದ ತೂತಿನಲ್ಲೇ ಮರಿ ಮಾಡ್ತವೆ.
* ಬದುವಿನ ಹೊಂಗೆ, ಹುಣಸೆ ಕಡಿಯಬೇಡಿ. ಬೇಸಿಗೆಯಲ್ಲಿ ಜೇನಿಗೆ ಅವೇ ಗತಿ.
* ಹೂವಿರುವಾಗ ಔಷಧಿ ಬೇಡ. ಹೊಡೆಯಲೇಬೇಕಾದರೆ ಸಂಜೆ ಜೇನು ಗೂಡು ಸೇರಿದ ಮೇಲೆ.

ಇದಕ್ಕೆ ದುಡ್ಡು ಬೇಕಿಲ್ಲ. ದಾರ ಕಟ್ಟಿ ನೋಡಿದವರು ಎಷ್ಟು ನಿಂತವು, ಎಷ್ಟು ಉದುರಿದವು ಅಂತ ಪತ್ರಿಕೆಗೆ ಎರಡು ಸಾಲು ಬರೆಯಿರಿ.