6 ನಿಮಿಷದ ಪಾಠ

ಸಬ್ಜೆಕ್ಟ್ ಚೆನ್ನಾಗಿ ಗೊತ್ತಿರೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಎಕ್ಸಾಮ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಎಲ್ಲರೂ ಹೋಗಿ ಸುತ್ತ ಕೂರೋದು ಯಾರೋ ಒಬ್ಬರ ಹತ್ತಿರ ಮಾತ್ರ. "ಹೇಳಿಕೊಡೋದು ಅವನಿಗೆ ಹುಟ್ಟಿನಿಂದಲೇ ಬಂದಿದೆ ಬಿಡು" ಅಂತೀವಿ. ಶಿಕ್ಷಕರ ತರಬೇತಿಯಲ್ಲಿ ಈ ಮಾತು ನಡೆಯಲ್ಲ. ಪಾಠ ಮಾಡೋದನ್ನೂ ಬಿಡಿಬಿಡಿ ಕೌಶಲಗಳಾಗಿ ಕಲಿಯಬಹುದು ಅಂತ ಅಲ್ಲಿ ನಂಬುತ್ತಾರೆ. ಅದಕ್ಕೆ ಇರುವ ವಿಧಾನವೇ ಸೂಕ್ಷ್ಮ ಬೋಧನೆ, ಅಂದರೆ ಮೈಕ್ರೋಟೀಚಿಂಗ್.

1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಜೊತೆಗಾರರು ಇದನ್ನು ಶುರು ಮಾಡಿದರು. ಈಗ ನಮ್ಮ ಬಿ.ಎಡ್. ಕಾಲೇಜುಗಳಲ್ಲೂ ಇದೆ. ಇಲ್ಲಿ ಎಲ್ಲವೂ ಚಿಕ್ಕದು: 5ರಿಂದ 10 ವಿದ್ಯಾರ್ಥಿಗಳು, ಒಂದೇ ಪರಿಕಲ್ಪನೆ, ಒಂದೇ ಕೌಶಲ. ನಮ್ಮ ದೇಶದಲ್ಲಿ ವಿದ್ಯಾರ್ಥಿಗಳ ಜಾಗದಲ್ಲಿ ಹೆಚ್ಚಾಗಿ ಜೊತೆಯ ತರಬೇತಿದಾರರೇ ಕೂರುತ್ತಾರೆ.

ಎನ್‌ಸಿಇಆರ್‌ಟಿ ಮಾದರಿಯಲ್ಲಿ ಒಂದು ಸುತ್ತು ಹೀಗಿರುತ್ತೆ:

ಪಾಠ – 6 ನಿಮಿಷ
ಹಿಮ್ಮಾಹಿತಿ – 6 ನಿಮಿಷ
ಮರುಯೋಜನೆ – 12 ನಿಮಿಷ
ಮರುಪಾಠ – 6 ನಿಮಿಷ
ಮತ್ತೆ ಹಿಮ್ಮಾಹಿತಿ – 6 ನಿಮಿಷ

ಒಟ್ಟು 36 ನಿಮಿಷ. ಗಮನಿಸಿ, ಅತಿ ಹೆಚ್ಚು ಸಮಯ ಇರೋದು ಪಾಠಕ್ಕಲ್ಲ, ಅದನ್ನು ತಿದ್ದಿಕೊಳ್ಳೋದಕ್ಕೆ.

ಒಂದು ಉದಾಹರಣೆ ನೋಡೋಣ. ಕೌಶಲ: ಕೆದಕಿ ಪ್ರಶ್ನೆ ಕೇಳೋದು. ವಿಷಯ: ಓಮ್‌ನ ನಿಯಮ. "ಕರೆಂಟ್ ಹೆಚ್ಚಾಗಬೇಕಾದ್ರೆ ಏನು ಮಾಡಬೇಕು?" ಅಂದಾಗ ಎದುರಿನವರು "ಗೊತ್ತಿಲ್ಲ" ಅಂದರು. ನಾವಾದರೆ ತಕ್ಷಣ ಉತ್ತರ ಹೇಳಿ ಮುಂದಕ್ಕೆ ಹೋಗ್ತೀವಿ. ಈ ಕೌಶಲ ಕಲಿಯುವವರು ಸುಳಿವು ಕೊಡುತ್ತಾರೆ: "ರೆಸಿಸ್ಟೆನ್ಸ್ ಬದಲಾಗಿಲ್ಲ, ವೋಲ್ಟೇಜ್ ಡಬಲ್ ಮಾಡಿದ್ರೆ?" ಉತ್ತರ ಬಂತು ಅಂದ್ಕೊಳ್ಳಿ. ಅಷ್ಟಕ್ಕೇ ಬಿಡದೆ "ಯಾಕೆ?" ಅಂತಾರೆ. ಆಮೇಲೆ ಅದೇ ಪ್ರಶ್ನೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ನೋಡುವವರು ಆ 6 ನಿಮಿಷ ಪ್ರಶ್ನೆಗಳನ್ನು ಮಾತ್ರ ಗುರುತು ಹಾಕಿಕೊಳ್ಳುತ್ತಾರೆ. ಬೋರ್ಡ್ ಮೇಲಿನ ಅಕ್ಷರ ಹೇಗಿತ್ತು, ದನಿ ಹೇಗಿತ್ತು ಅನ್ನೋದೆಲ್ಲ ಬೇರೆ ದಿನದ ಮಾತು.

ಇದು ನಮಗೆ ಹೊಸದೇನಲ್ಲ. ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಎಲ್ಲಾ ವೈರ್ ಒಟ್ಟಿಗೆ ಕೀಳಲ್ಲ, ಒಂದೊಂದಾಗಿ ಚೆಕ್ ಮಾಡ್ತೀವಿ. ಆದರೆ ಸೆಮಿನಾರ್ ವಿಷಯದಲ್ಲಿ ಇದನ್ನು ಮರೆತುಬಿಡ್ತೀವಿ. ಒಂದೇ ಸಲ ನಿಂತು ಇಪ್ಪತ್ತು ಸ್ಲೈಡ್ ಓದಿ, ಮಾರ್ಕ್ಸ್ ತಗೊಂಡು ಕೂರ್ತೀವಿ. "ಇನ್ನೂ ಚೆನ್ನಾಗಿ ಹೇಳಬೇಕಿತ್ತು" ಅಂತ ಯಾರಾದರೂ ಅಂದರೂ, ತಿದ್ದಿಕೊಂಡು ಮತ್ತೆ ಹೇಳೋಕೆ ಅವಕಾಶವೇ ಇರಲ್ಲ. ಮರುಪಾಠ ಇಲ್ಲದ ಹಿಮ್ಮಾಹಿತಿ ಬರೀ ಟೀಕೆಯಾಗಿ ಉಳಿಯುತ್ತೆ.

ಇದಕ್ಕೂ ಒಂದು ಮಿತಿ ಇದೆ. ಐದು ಜನ ಗೆಳೆಯರ ಮುಂದೆ ನಿಂತ ಹಾಗಲ್ಲ, ಅರವತ್ತು ಜನರ ಕ್ಲಾಸ್. ಬಿಡಿಯಾಗಿ ಕಲಿತ ಕೌಶಲಗಳನ್ನು ಕೊನೆಗೆ ಒಂದೇ ಪಾಠದಲ್ಲಿ ಜೋಡಿಸೋದನ್ನೂ ಅಭ್ಯಾಸ ಮಾಡಲೇಬೇಕು.

ಮುಂದಿನ ಸೆಮಿನಾರ್‌ಗೆ ಮುಂಚೆ ಐದು ಜನರನ್ನು ಕೂರಿಸಿಕೊಳ್ಳಿ. ಫೋನ್‌ನಲ್ಲಿ 6 ನಿಮಿಷ ರೆಕಾರ್ಡ್ ಮಾಡಿ, ಒಂದೇ ಒಂದು ವಿಷಯ ತಿದ್ದಿಕೊಂಡು ಮತ್ತೆ ಹೇಳಿ. ಬ್ಯಾಕ್ ಇರೋ ಗೆಳೆಯನಿಗೆ ಪಾಠ ಹೇಳುವಾಗಲೂ ಅಷ್ಟೇ: ಅವನಿಗೆ ಅರ್ಥವಾಗದಿದ್ದರೆ ಅದೇ ಮಾತನ್ನು ಜೋರಾಗಿ ಹೇಳಬೇಡಿ, ಬೇರೆ ಥರ ಹೇಳಿ. ಪಾಸಾಗಬೇಕಾಗಿರೋದು ಅವನು.